ಕಡಲಾಚೆಯ ನೆರೆಮನೆ: ಮೊಜಾಂಬಿಕ್ ದಾಸ್ಯದಿಂದ ಸ್ವಾತಂತ್ರ್ಯದವರೆಗೆ

ವಾಸ್ಕೋ ಡ ಗಾಮ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಗೆ ಬಂದ ಎಂಬ ಸಾಲನ್ನು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಈಗ ನಮ್ಮ ಮಕ್ಕಳೂ ಅದನ್ನೇ ಓದುತ್ತಿದ್ದಾರೆ. ಆದರೆ ಕಲ್ಲಿಕೋಟೆ ತಲುಪುವ ಎರಡೂವರೆ ತಿಂಗಳ ಮೊದಲು, ಅದೇ ವರ್ಷದ ಮಾರ್ಚ್‌ನಲ್ಲಿ, ಆತನ ಹಡಗುಗಳು ಆಫ್ರಿಕಾದ ಪೂರ್ವ ಕರಾವಳಿಯ ಒಂದು ಪುಟ್ಟ ದ್ವೀಪದಲ್ಲಿ ಲಂಗರು ಹಾಕಿದ್ದವು. ಅಲ್ಲಿ ಮುಸ್ಲಿಮ್ ವರ್ತಕರಿದ್ದರು, ಅರಬಿ ಬಲ್ಲವರಿದ್ದರು, ಒಬ್ಬ ಶೇಖ್ ಆಡಳಿತ ನಡೆಸುತ್ತಿದ್ದರು. ಬಂದವರನ್ನು ಅವರು ಮೊದಲು ಮುಸ್ಲಿಮರೆಂದೇ ಭಾವಿಸಿ ಬರಮಾಡಿಕೊಂಡರು. ಗುರುತು ತಿಳಿದ ಮೇಲೆ ಮನಸ್ತಾಪವಾಯಿತು. ಹೊರಡುವ ಮುನ್ನ ಗಾಮ ಆ ಊರಿನ ಮೇಲೆ ಫಿರಂಗಿ ಹಾರಿಸಿದ. ಆ ಭಾಗದ ಜನ ಕೇಳಿದ ಮೊದಲ ಯುರೋಪಿಯನ್ ಸದ್ದು ಅದು.

ಆ ದ್ವೀಪದ ಹೆಸರಿಗೆ ಕಾರಣರಾದವರು ಮೂಸಾ ಬಿನ್ ಬೀಕ್ ಎಂಬ ಮುಸ್ಲಿಮ್ ಮುಖಂಡರು ಎಂದು ಹೇಳಲಾಗುತ್ತದೆ. ಪೋರ್ಚುಗೀಸರ ನಾಲಿಗೆಯಲ್ಲಿ ಆ ಹೆಸರು ಮೊಜಾಂಬಿಕ್ ಆಯಿತು. ಮುಂದೆ ಇಡೀ ದೇಶಕ್ಕೇ ಆ ಹೆಸರು ನಿಂತಿತು.

ಈ ದೇಶದ ಚರಿತ್ರೆಯನ್ನು ನಮ್ಮ ಓದುಗರ ಮುಂದಿಡಲು ಎರಡು ಕಾರಣಗಳಿವೆ. ಒಂದು, ಆ ಕರಾವಳಿಯನ್ನು ಹಿಡಿದ ಕೈಯೇ ನಮ್ಮ ಕರಾವಳಿಯನ್ನೂ ಹಿಡಿಯಿತು. ಎರಡನೆಯದು ಮುಖ್ಯವಾದದ್ದು. ದಬ್ಬಾಳಿಕೆ ಮಾಡುವವನು ಹೊರಟುಹೋದರೆ ನ್ಯಾಯ ತಾನಾಗಿಯೇ ಬಂದು ಕುಳಿತುಕೊಳ್ಳುತ್ತದೆಯೇ? ಈ ಪ್ರಶ್ನೆಗೆ ಮೊಜಾಂಬಿಕ್ ತನ್ನ ಜನರ ಪ್ರಾಣವನ್ನೇ ಬೆಲೆಯಾಗಿ ತೆತ್ತು ಉತ್ತರ ಕಂಡುಕೊಂಡಿದೆ.

ಪರಂಗಿಗಳಿಗಿಂತ ಮೊದಲು

ಆಫ್ರಿಕಾದ ಆಗ್ನೇಯ ಮೂಲೆಯಲ್ಲಿ ಸುಮಾರು 2,500 ಕಿಲೋಮೀಟರ್ ಉದ್ದದ ಕರಾವಳಿ ಈ ದೇಶಕ್ಕಿದೆ. ಅದು ಹಿಂದೂ ಮಹಾಸಾಗರಕ್ಕೆ ತೆರೆದುಕೊಂಡಿದೆ, ಅಂದರೆ ನಮ್ಮ ಕಡೆಗೆ. ಮಾನ್ಸೂನ್ ಗಾಳಿಯನ್ನು ನಂಬಿ ಹಾಯಿಹಡಗುಗಳು ನೂರಾರು ವರ್ಷ ಈ ದಾರಿಯಲ್ಲಿ ಹೋಗಿ ಬಂದವು. ಅಲ್ಲಿಂದ ಬಂಗಾರ, ದಂತ ಬರುತ್ತಿತ್ತು. ಇಲ್ಲಿಂದ ಬಟ್ಟೆ, ಮಣಿ ಹೋಗುತ್ತಿತ್ತು. ಗುಜರಾತಿನ ಹತ್ತಿಬಟ್ಟೆಗೆ ಆ ತೀರದಲ್ಲಿ ದೊಡ್ಡ ಬೇಡಿಕೆ ಇತ್ತು.

ಸೋಫಾಲ ಎಂಬ ಬಂದರು ಒಳನಾಡಿನ ಬಂಗಾರಕ್ಕೆ ಹೆಸರಾಗಿತ್ತು. ಪ್ರವಾಸಿ ಇಬ್ನ್ ಬತೂತಾ 1331ರಲ್ಲಿ ಈಗಿನ ತಾಂಜಾನಿಯಾದಲ್ಲಿರುವ ಕಿಲ್ವಾಕ್ಕೆ ಭೇಟಿ ಕೊಟ್ಟಾಗ ಸೋಫಾಲದ ಸುದ್ದಿಯನ್ನೂ ದಾಖಲಿಸಿದ್ದಾರೆ. ಕಿಲ್ವಾ, ಅಂಗೋಶೆ, ಮೊಜಾಂಬಿಕ್ ದ್ವೀಪ ಇವೆಲ್ಲ ಸ್ವಾಹಿಲಿ ಲೋಕದ ಊರುಗಳು. ಆಫ್ರಿಕಾದ ಜನ ಮತ್ತು ಅರಬ್ ವರ್ತಕರ ಒಡನಾಟದಲ್ಲಿ ಬೆಳೆದ ಸಂಸ್ಕೃತಿ ಅದು. ನಮ್ಮ ಕರಾವಳಿಯ ಬ್ಯಾರಿ, ಮಾಪಿಳ್ಳೆ, ನವಾಯತ ಸಮುದಾಯಗಳು ರೂಪುಗೊಂಡದ್ದೂ ಹೆಚ್ಚು ಕಡಿಮೆ ಇಂಥದೇ ಕಡಲ ವ್ಯಾಪಾರದ ಒಡನಾಟದಲ್ಲಿ. ಸೈನ್ಯದ ಜೊತೆಗಲ್ಲ, ವ್ಯಾಪಾರಿಯ ಜೊತೆಗೆ ಬಂದ ಇಸ್ಲಾಮ್ ಅದು.

ಕೋಟೆ ಮತ್ತು ಕಾಗದ

ಪೋರ್ಚುಗೀಸರು 1505ರಲ್ಲಿ ಸೋಫಾಲದಲ್ಲಿ ಕೋಟೆ ಕಟ್ಟಿದರು. ಅದೇ ವರ್ಷ ಕಿಲ್ವಾವನ್ನು ಸೂರೆ ಮಾಡಿದರು. 1507ರಲ್ಲಿ ಮೊಜಾಂಬಿಕ್ ದ್ವೀಪದಲ್ಲಿ ನೆಲೆಯೂರಿದರು. 1558ರಿಂದ ಅಲ್ಲಿ ಕಟ್ಟಿದ ಸಂತ ಸೆಬಾಸ್ಟಿಯನ್ ಕೋಟೆ ಈಗಲೂ ನಿಂತಿದೆ. ಲಿಸ್ಬನ್ನಿನಿಂದ ಗೋವೆಗೆ ಬರುವ ಹಡಗುಗಳಿಗೆ ನೀರು, ಆಹಾರ, ವಿಶ್ರಾಂತಿ ಒದಗಿಸುವ ತಾಣ ಅದಾಯಿತು. 1752ರವರೆಗೂ ಮೊಜಾಂಬಿಕ್‌ನ ಆಡಳಿತ ನಡೆದದ್ದು ಲಿಸ್ಬನ್ನಿನಿಂದ ನೇರವಾಗಿ ಅಲ್ಲ, ಗೋವೆಯ ವೈಸರಾಯ್ ಮೂಲಕ. ಅಂದರೆ ಕಾರವಾರದಿಂದ ಕೂಗಳತೆಯಲ್ಲಿರುವ ಊರಿನಿಂದ ಆಫ್ರಿಕಾದ ಒಂದು ಭಾಗವನ್ನು ಆಳಲಾಗುತ್ತಿತ್ತು.

ಇದೇ ಪೋರ್ಚುಗೀಸರು ಕಡಲಲ್ಲಿ ಓಡಾಡುವ ಹಡಗುಗಳೆಲ್ಲ ತಮ್ಮಿಂದ ಪರವಾನಗಿ ಪಡೆಯಬೇಕೆಂದು ಕಟ್ಟುಮಾಡಿದರು. ಆ ಪರವಾನಗಿಗೆ ಕರ್ತಾಜ್ ಎಂದು ಹೆಸರು. ಕಾಗದ ಎಂಬ ಅರ್ಥದ ಅರಬಿಯ ಖಿರ್ತಾಸ್ ಪದವೇ ಅವರ ಬಾಯಲ್ಲಿ ಹೀಗಾಯಿತು. ನೂರಾರು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಓಡಾಡಿದ್ದ ಕಡಲಿನಲ್ಲಿ ಕಾಗದವಿಲ್ಲದ ಹಡಗನ್ನು ಹಿಡಿಯಲಾಯಿತು, ಸುಡಲಾಯಿತು. ನಮ್ಮ ಕರಾವಳಿಯಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ, ಮಲಬಾರಿನಲ್ಲಿ ಕುಂಞಾಲಿ ಮರಕ್ಕಾರರು ಎದುರಿಸಿ ನಿಂತದ್ದು ಈ ದರ್ಪವನ್ನೇ.

ಮನುಷ್ಯರ ವ್ಯಾಪಾರ

ಬಂಗಾರ, ದಂತಗಳ ಜೊತೆ ಈ ತೀರದಿಂದ ಮನುಷ್ಯರನ್ನೂ ಸಾಗಿಸಲಾಯಿತು. ಹದಿನೆಂಟನೇ ಶತಮಾನದ ಕೊನೆ ಮತ್ತು ಹತ್ತೊಂಬತ್ತನೇ ಶತಮಾನದಲ್ಲಿ ಈ ವ್ಯಾಪಾರ ಭೀಕರವಾಗಿ ಬೆಳೆಯಿತು. ಬ್ರೆಜಿಲ್‌ನ ಕಬ್ಬಿನ ಗದ್ದೆಗಳಿಗೆ, ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳ ತೋಟಗಳಿಗೆ ಇಲ್ಲಿಂದ ಗುಲಾಮರು ಹೋದರು.

ಇಲ್ಲಿ ಒಂದು ಸತ್ಯವನ್ನು ಮರೆಮಾಚದೆ ಹೇಳಬೇಕು. ಈ ವ್ಯಾಪಾರದಲ್ಲಿ ಪೋರ್ಚುಗೀಸರು ಮಾತ್ರ ಇರಲಿಲ್ಲ. ಅಂಗೋಶೆಯ ಸುಲ್ತಾನರೂ, ಕರಾವಳಿಯ ಹಲವು ಶೇಖ್‌ಗಳೂ, ಒಳನಾಡಿನ ಆಫ್ರಿಕನ್ ಮುಖಂಡರೂ ಇದರಿಂದ ಶ್ರೀಮಂತರಾದರು. ಗುಲಾಮರನ್ನು ಬಿಡುಗಡೆ ಮಾಡುವುದನ್ನು ಪುಣ್ಯಕಾರ್ಯವೆಂದೂ ಪಾಪಗಳಿಗೆ ಪ್ರಾಯಶ್ಚಿತ್ತವೆಂದೂ ಕಲಿಸಿದ ದೀನ್ ನಮ್ಮದು. ಅದರ ಹೆಸರು ಹೇಳಿಕೊಂಡವರು ಮನುಷ್ಯರನ್ನು ಹಿಡಿದು ಮಾರಿದರು. ಪರರ ಅನ್ಯಾಯವನ್ನು ಎತ್ತಿ ತೋರಿಸುವಾಗ ನಮ್ಮವರ ಅನ್ಯಾಯವನ್ನು ಬಿಟ್ಟುಬಿಟ್ಟರೆ ಅದು ಇತಿಹಾಸವಾಗುವುದಿಲ್ಲ. ನಮ್ಮವರ ವಿರುದ್ಧವಾದರೂ ಸತ್ಯವನ್ನೇ ನುಡಿಯುವುದು ನಮಗೆ ಕಡ್ಡಾಯ.

ಹೀಗೆ ಸಾಗಿಸಲ್ಪಟ್ಟವರಲ್ಲಿ ಕೆಲವರು ಗೋವೆಗೂ ಬಂದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಮೂಲಕ ಗೋವೆಗೆ ಬಂದ ಆಫ್ರಿಕನ್ನರು, ಅವರಲ್ಲಿ ಮೊಜಾಂಬಿಕ್ ತೀರದವರೂ ಇದ್ದರು ಎಂದು ಚರಿತ್ರಕಾರರು ಗುರುತಿಸುತ್ತಾರೆ. ಒಡೆಯರ ಮನೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಅವರು ನಮ್ಮ ಹಾಗೆಯೇ ಕನ್ನಡ, ಕೊಂಕಣಿ, ಉರ್ದು ಮಾತನಾಡುತ್ತಾರೆ. ಮೊಜಾಂಬಿಕ್‌ನ ಚರಿತ್ರೆಯ ಒಂದು ಪುಟ ನಮ್ಮ ರಾಜ್ಯದ ಕಾಡಿನಲ್ಲಿಯೇ ಬಿದ್ದಿದೆ ಎಂಬುದನ್ನು ನಾವು ನೆನಪಿಡಬೇಕು.

ಬರ್ಲಿನ್‌ನಲ್ಲಿ ಎಳೆದ ಗೆರೆ

ಮುನ್ನೂರಕ್ಕೂ ಹೆಚ್ಚು ವರ್ಷ ಪೋರ್ಚುಗೀಸರ ಅಧಿಕಾರ ಕರಾವಳಿಯ ಕೋಟೆಗಳಿಗೆ ಮತ್ತು ಜಾಂಬೆಜಿ ನದಿಯ ಕಣಿವೆಗೆ ಸೀಮಿತವಾಗಿತ್ತು. 1884-85ರ ಬರ್ಲಿನ್ ಸಮ್ಮೇಳನದ ನಂತರ ಸ್ಥಿತಿ ಬದಲಾಯಿತು. ಯುರೋಪಿನ ದೇಶಗಳು ಆಫ್ರಿಕಾವನ್ನು ಹಂಚಿಕೊಳ್ಳಲು ಕುಳಿತವು. ಆ ಸಭೆಯಲ್ಲಿ ಆಫ್ರಿಕಾದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1891ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದ ಇಂದಿನ ಮೊಜಾಂಬಿಕ್‌ನ ಗಡಿಗಳನ್ನು ಬಹುಪಾಲು ನಿರ್ಧರಿಸಿತು.

ಗೆರೆ ಎಳೆದರೆ ಸಾಲದು, ನೆಲ ಹಿಡಿಯಬೇಕು. ದಕ್ಷಿಣದಲ್ಲಿ ಗಾಝಾ ಎಂಬ ರಾಜ್ಯವಿತ್ತು. ಫೆಲಸ್ತೀನಿನ ಗಾಝಾಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರ ಅರಸ ಎನ್‌ಗುಂಗುನ್ಯಾನೆಯನ್ನು 1895ರ ಡಿಸೆಂಬರ್‌ನಲ್ಲಿ ಸೆರೆಹಿಡಿದು ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು. 1906ರಲ್ಲಿ ಆತ ಅಲ್ಲಿಯೇ ತೀರಿಕೊಂಡ. ಆದರೆ ಗಾಝಾ ಅರಸರ ದಾಳಿಗಳಿಂದ ನೊಂದಿದ್ದ ಚೋಪಿಯಂಥ ಜನಾಂಗಗಳೂ ಇದ್ದವು. ತನ್ನ ನೆರೆಯವರನ್ನು ತುಳಿದ ಅರಸನಿಗೆ ಕಷ್ಟಕಾಲದಲ್ಲಿ ನೆರೆಯವರ ಹೆಗಲು ಸಿಗುವುದಿಲ್ಲ.

ಉತ್ತರದಲ್ಲಿ ಅಂಗೋಶೆ ಬಹುಕಾಲ ಮಣಿಯಲಿಲ್ಲ. 1861ರಲ್ಲಿ ಅದು ಒಮ್ಮೆ ಕೈತಪ್ಪಿದರೂ ಮೂಸಾ ಕ್ವಾಂಟು ಎಂಬ ನಾಯಕ ಮತ್ತೆ ಪಡೆ ಕಟ್ಟಿ ಹೋರಾಟ ಮುಂದುವರಿಸಿದ. ಪೋರ್ಚುಗೀಸರು ಅಂಗೋಶೆಯನ್ನು ಪೂರ್ತಿಯಾಗಿ ಹಿಡಿದದ್ದು 1910ರಲ್ಲಿ. ಅದೇ ಕಾಲದಲ್ಲಿ ಇನ್ನೊಂದು ಬೆಳವಣಿಗೆಯೂ ನಡೆಯಿತು. ಶಾದುಲಿಯ್ಯ ಮತ್ತು ಖಾದಿರಿಯ್ಯ ತರೀಖತ್‌ಗಳು ಮೊಜಾಂಬಿಕ್ ದ್ವೀಪಕ್ಕೆ ಬಂದು ಒಳನಾಡಿಗೆ ಹರಡಿದವು. ಸುಲ್ತಾನರು ಕತ್ತಿಯಿಂದ ತಲುಪದ ಹಳ್ಳಿಗಳಿಗೆ ದಿಕ್ರ್ ಮತ್ತು ಮದ್ರಸಾಗಳು ತಲುಪಿದವು. ಇಂದು ದೇಶದ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಭಾಗ ಮುಸ್ಲಿಮರು, ಅವರಲ್ಲಿ ಹೆಚ್ಚಿನವರು ಉತ್ತರದ ನಂಪುಲ, ಕಾಬೊ ಡೆಲ್ಗಾಡೊ, ನಿಯಾಸಾ ಪ್ರಾಂತ್ಯಗಳಲ್ಲಿದ್ದಾರೆ.

ಬಲವಂತದ ದುಡಿಮೆ

ಗುಲಾಮಗಿರಿಯನ್ನು ಕಾನೂನು ನಿಷೇಧಿಸಿತು. ಅದರ ಜಾಗಕ್ಕೆ ಬಂದದ್ದು ಚಿಬಾಲು, ಅಂದರೆ ಬಲವಂತದ ದುಡಿಮೆ. 1899ರ ಕಾರ್ಮಿಕ ಕಾಯ್ದೆ ಸ್ಥಳೀಯರಿಗೆ ದುಡಿಯುವುದು ಕಾನೂನಿನ ಮತ್ತು ನೀತಿಯ ಹೊಣೆ ಎಂದಿತು. ತಾನಾಗಿ ದುಡಿಯದವನನ್ನು ಸರ್ಕಾರ ಹಿಡಿದು ದುಡಿಸಬಹುದಿತ್ತು. ತನ್ನ ಹೊಲದಲ್ಲಿ ತನ್ನ ಮಕ್ಕಳಿಗಾಗಿ ದುಡಿಯುವ ರೈತ ಅವರ ಲೆಕ್ಕದಲ್ಲಿ ಸೋಮಾರಿಯಾಗಿದ್ದ. ರಸ್ತೆ, ರೈಲು ಹಾದಿ, ತೋಟಗಳು ಈ ಜನರ ಬೆವರಿನಿಂದ ಎದ್ದವು. ದೇಶದ ದೊಡ್ಡ ಭಾಗಗಳನ್ನು ವಿದೇಶಿ ಬಂಡವಾಳದ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಮೊಜಾಂಬಿಕ್ ಕಂಪನಿ 1942ರವರೆಗೆ, ನಿಯಾಸಾ ಕಂಪನಿ 1929ರವರೆಗೆ ತಮ್ಮ ಪ್ರದೇಶಗಳನ್ನು ಸರ್ಕಾರದಂತೆಯೇ ಆಳಿದವು. ತೆರಿಗೆ ಎತ್ತುವ ಅಧಿಕಾರವೂ ಅವುಗಳಿಗಿತ್ತು. ನಮ್ಮ ದೇಶ ಈಸ್ಟ್ ಇಂಡಿಯಾ ಕಂಪನಿಯನ್ನು ಕಂಡಿದ್ದರಿಂದ ನಮಗೆ ಇದು ಹೊಸ ಕಥೆಯಲ್ಲ.

ದಕ್ಷಿಣ ಭಾಗದ ಗಂಡಸರನ್ನು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆ ಗಣಿಗಳ ಕರಿಯ ಕಾರ್ಮಿಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮೊಜಾಂಬಿಕ್‌ನವರೇ ಆಗಿದ್ದರು. ನಂತರದ ಒಪ್ಪಂದಗಳಲ್ಲಿ ಅವರ ಕೂಲಿಯ ಒಂದು ಭಾಗವನ್ನು ತಡೆಹಿಡಿಯಲಾಯಿತು. ಆ ಹಣವನ್ನು ಗಣಿಗಳ ಕಡೆಯಿಂದ ಪೋರ್ಚುಗಲ್ ಬಂಗಾರದ ರೂಪದಲ್ಲಿ ಪಡೆಯಿತು, ಕಾರ್ಮಿಕನಿಗೆ ಊರಿಗೆ ಮರಳಿದ ಮೇಲೆ ತನ್ನ ನಾಣ್ಯದಲ್ಲಿ ಕೊಟ್ಟಿತು. ಬಂಗಾರದ ಬೆಲೆ ಏರಿದಾಗ ಲಾಭ ಸರ್ಕಾರಕ್ಕೆ, ಕೆಮ್ಮು ಮತ್ತು ಶ್ವಾಸಕೋಶದ ರೋಗ ಕಾರ್ಮಿಕನಿಗೆ. ಉತ್ತರದಲ್ಲಿ 1938ರಿಂದ ಹತ್ತಿ ಬೆಳೆಯುವುದನ್ನು ಕಡ್ಡಾಯ ಮಾಡಲಾಯಿತು. ಜೋಳ, ಮರಗೆಣಸು ಬೆಳೆಯಬೇಕಾದ ಹೊಲದಲ್ಲಿ ಲಿಸ್ಬನ್ನಿನ ಗಿರಣಿಗಳಿಗೆ ಹತ್ತಿ ಬೆಳೆದು ರೈತರು ಹಸಿದರು.

ಕೂಲಿಗಾರನ ಹಕ್ಕಿನ ಬಗ್ಗೆ ಪ್ರವಾದಿ ಮುಹಮ್ಮದ್(ಸ) ಕೊಟ್ಟ ಎಚ್ಚರಿಕೆಗಳನ್ನು ನಾವು ಮಿಂಬರಿನಿಂದ ಎಷ್ಟೋ ಸಲ ಕೇಳಿಸಿಕೊಂಡಿದ್ದೇವೆ. ಒಂದು ಇಡೀ ರಾಜ್ಯವ್ಯವಸ್ಥೆ ಅದಕ್ಕೆ ವಿರುದ್ಧವಾಗಿ ಕಟ್ಟಲ್ಪಟ್ಟರೆ ಹೇಗಿರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಈ ಎಲ್ಲದರ ಬುಡದಲ್ಲಿ ಒಂದು ಕಾನೂನು ಇತ್ತು. ಜನರನ್ನು ಎರಡಾಗಿ ವಿಂಗಡಿಸಲಾಗಿತ್ತು. ಒಂದು ಕಡೆ ನಾಗರಿಕರು, ಇನ್ನೊಂದು ಕಡೆ ಇಂಡಿಜೆನಾ ಎಂದು ಕರೆಯಲ್ಪಟ್ಟ ಸ್ಥಳೀಯರು. ಸ್ಥಳೀಯನಿಗೆ ಬೇರೆ ಕಾನೂನು, ಬೇರೆ ಶಿಕ್ಷೆ. ಊರು ಬಿಟ್ಟು ಹೋಗಬೇಕಾದರೆ ಗುರುತಿನ ಪುಸ್ತಕ ಬೇಕು. ಪೋರ್ಚುಗೀಸ್ ಓದು ಬರಹ ಕಲಿತು, ತನ್ನ ಹಿರಿಯರ ರೀತಿ ನೀತಿ ಬಿಟ್ಟು, ಯುರೋಪಿಯನ್ನರಂತೆ ಬದುಕುತ್ತೇನೆಂದು ತೋರಿಸಿಕೊಟ್ಟರೆ ಆತ ಅಸಿಮಿಲಾದೊ, ಅಂದರೆ ತಮ್ಮಲ್ಲಿ ಬೆರೆತವನು. 1950ರಲ್ಲಿ ಸುಮಾರು 57 ಲಕ್ಷ ಆಫ್ರಿಕನ್ನರಲ್ಲಿ ಈ ಮಾನ್ಯತೆ ಸಿಕ್ಕಿದ್ದು 4,400ಕ್ಕೂ ಕಡಿಮೆ ಜನರಿಗೆ. 1940ರ ಒಪ್ಪಂದದಲ್ಲಿ ಆಫ್ರಿಕನ್ ಮಕ್ಕಳ ಶಿಕ್ಷಣವನ್ನು ಕ್ಯಾಥೊಲಿಕ್ ಮಿಷನ್‌ಗಳಿಗೆ ವಹಿಸಲಾಗಿದ್ದರಿಂದ ಮುಸ್ಲಿಮ್ ಮನೆಗಳ ಮಕ್ಕಳಿಗೆ ಶಾಲೆಯ ಬಾಗಿಲು ಇನ್ನೂ ಕಿರಿದಾಯಿತು. ಹೆತ್ತವರು ಮಕ್ಕಳ ದೀನ್ ಅಥವಾ ಅಕ್ಷರ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟು ಅದು. ದೇಶ ಸ್ವತಂತ್ರವಾದಾಗ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಓದಲು ಬರುತ್ತಿರಲಿಲ್ಲ.

ಹೋರಾಟದ ಹತ್ತು ವರ್ಷ

ಎರಡನೇ ಮಹಾಯುದ್ಧದ ನಂತರ ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾದವು. ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್ ಮಾತ್ರ ಒಪ್ಪಲಿಲ್ಲ. 1951ರಲ್ಲಿ ವಸಾಹತುಗಳಿಗೆ ಸಾಗರದಾಚೆಯ ಪ್ರಾಂತ್ಯಗಳು ಎಂದು ಹೊಸ ಹೆಸರಿಟ್ಟ. ಹೆಸರು ಬದಲಾದರೂ ಚಾಟಿ ಬದಲಾಗಲಿಲ್ಲ.

1960ರ ಜೂನ್ 16ರಂದು ಉತ್ತರದ ಮುವೇಡಾ ಎಂಬಲ್ಲಿ ಮಾಕೊಂಡೆ ಜನರು ಅಹವಾಲು ಹೇಳಿಕೊಳ್ಳಲು ಸರ್ಕಾರಿ ಕಚೇರಿಯ ಮುಂದೆ ಸೇರಿದರು. ಅವರ ಮುಖಂಡರನ್ನು ಬಂಧಿಸಲಾಯಿತು, ಜನರ ಮೇಲೆ ಗುಂಡು ಹಾರಿಸಲಾಯಿತು. ಸತ್ತವರು 500ಕ್ಕೂ ಹೆಚ್ಚು ಎಂದು ವಿಮೋಚನಾ ಹೋರಾಟಗಾರರು ಹೇಳಿದರು, ನಂತರದ ಸಂಶೋಧಕರು ಅದಕ್ಕಿಂತ ಬಹಳ ಕಡಿಮೆ ಎಂದರು. ಲೆಕ್ಕ ಏನೇ ಇರಲಿ, ಮನವಿ ಪತ್ರಕ್ಕೆ ಗುಂಡೇ ಉತ್ತರ ಎಂಬುದು ಆ ದಿನ ಊರೂರಿಗೆ ತಿಳಿಯಿತು.

ಮರುವರ್ಷ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವೆಯನ್ನು ಬಿಡುಗಡೆ ಮಾಡಿತು. ನಮಗೆ ಅದು ಸಂತಸದ ಸುದ್ದಿ. ಆದರೆ ಮೊಜಾಂಬಿಕ್‌ನಲ್ಲಿ ಅಂಗಡಿ ಇಟ್ಟು ಬದುಕುತ್ತಿದ್ದ ಭಾರತೀಯ ಪ್ರಜೆಗಳ ಮೇಲೆ ಅದರ ಸಿಟ್ಟು ತಿರುಗಿತು. ಅವರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು, ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು, ಅನೇಕರನ್ನು ದೇಶದಿಂದ ಹೊರಗೆ ಕಳುಹಿಸಲಾಯಿತು. ಎಲ್ಲೋ ನಡೆದ ಘಟನೆಗೆ ಏನೂ ಅರಿಯದ ನೆರೆಹೊರೆಯವರನ್ನು ಹೊಣೆ ಮಾಡುವ ಕ್ರೌರ್ಯ ಎಲ್ಲ ಕಾಲದಲ್ಲೂ ಇದೆ, ನಾವೂ ಅದನ್ನು ಬಲ್ಲೆವು.

1962ರ ಜೂನ್ 25ರಂದು ದಾರೆಸ್ಸಲಾಮ್ ನಗರದಲ್ಲಿ ಮೂರು ಸಂಘಟನೆಗಳು ಸೇರಿ ಫ್ರೆಲಿಮೊ ಎಂಬ ವಿಮೋಚನಾ ರಂಗವನ್ನು ಕಟ್ಟಿದವು. ಅದರ ಮೊದಲ ಅಧ್ಯಕ್ಷ ಎಡ್ವಾರ್ಡೊ ಮೊಂಡ್ಲಾನೆ. ಗಾಝಾ ಪ್ರಾಂತ್ಯದ ಹಳ್ಳಿಯ ಹುಡುಗ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿ, ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಯನ್ನು ಬಿಟ್ಟು ಬಂದಿದ್ದರು. 1964ರ ಸೆಪ್ಟೆಂಬರ್ 25ರಂದು ಸಶಸ್ತ್ರ ಹೋರಾಟ ಆರಂಭವಾಯಿತು. 1969ರ ಫೆಬ್ರವರಿ 3ರಂದು ಪುಸ್ತಕದೊಳಗೆ ಅಡಗಿಸಿ ಕಳುಹಿಸಿದ್ದ ಬಾಂಬು ಸಿಡಿದು ಮೊಂಡ್ಲಾನೆ ಕೊಲೆಯಾದರು. ನಂತರ ನಾಯಕತ್ವ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದಿದ್ದ ಸಮೋರಾ ಮಶೆಲ್ ಅವರ ಕೈಗೆ ಬಂತು.

1972ರ ಡಿಸೆಂಬರ್ 16ರಂದು ತೇತೆ ಪ್ರಾಂತ್ಯದ ವಿರಿಯಾಮು ಮತ್ತು ಅಕ್ಕಪಕ್ಕದ ಹಳ್ಳಿಗಳಲ್ಲಿ ಪೋರ್ಚುಗೀಸ್ ಸೈನಿಕರು ಹೆಂಗಸರು ಮಕ್ಕಳೆನ್ನದೆ ಸುಮಾರು 400 ಜನರನ್ನು ಕೊಂದರು. ಈ ಸುದ್ದಿಯನ್ನು ಕಲೆಹಾಕಿದವರು ಅಲ್ಲಿದ್ದ ಕ್ಯಾಥೊಲಿಕ್ ಪಾದ್ರಿಗಳು. ಏಡ್ರಿಯನ್ ಹೇಸ್ಟಿಂಗ್ಸ್ ಎಂಬ ಇಂಗ್ಲಿಷ್ ಪಾದ್ರಿ 1973ರ ಜುಲೈಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ಬಯಲು ಮಾಡಿದರು. ಚರ್ಚಿನ ಮೇಲಧಿಕಾರಿಗಳಲ್ಲಿ ಹೆಚ್ಚಿನವರು ಸರ್ಕಾರದ ಪಕ್ಕದಲ್ಲಿದ್ದ ಕಾಲದಲ್ಲಿ ಈ ಪಾದ್ರಿಗಳು ಸತ್ತವರ ಪಕ್ಕದಲ್ಲಿ ನಿಂತರು. ನ್ಯಾಯವಂತರು ಯಾವ ಸಮುದಾಯದಲ್ಲಿದ್ದರೂ ಅವರನ್ನು ಗುರುತಿಸಿ ಗೌರವಿಸುವುದು ನಮ್ಮ ಕರ್ತವ್ಯ.

ಉಲಮಾಗಳ ಮುಂದಿದ್ದ ಪರೀಕ್ಷೆ

ಈ ಯುದ್ಧದಲ್ಲಿ ಮುಸ್ಲಿಮರ ಸ್ಥಿತಿ ಏನಾಗಿತ್ತು? ಮೊದಲ ವರ್ಷಗಳಲ್ಲಿ ರಹಸ್ಯ ಪೊಲೀಸರು ಉತ್ತರದ ಮುಸ್ಲಿಮ್ ಮುಖಂಡರನ್ನು ಬಂಡಾಯಗಾರರ ಜೊತೆಗಾರರೆಂದು ಸಂಶಯಿಸಿ ಹಿಡಿದು ಸೆರೆಮನೆಗೆ ತಳ್ಳಿದರು. ಅದು ಫಲ ಕೊಡದಿದ್ದಾಗ 1968ರ ಹೊತ್ತಿಗೆ ಸರ್ಕಾರ ದಾರಿ ಬದಲಿಸಿತು. ಗವರ್ನರ್ ಮುಸ್ಲಿಮರಿಗೆ ರಮಝಾನ್ ಸಂದೇಶ ಕೊಟ್ಟರು, ಮಸೀದಿಗಳಿಗೆ ನೆರವು ಬಂತು. ನಾಲ್ಕು ಶತಮಾನ ಮುಸ್ಲಿಮರನ್ನು ವೈರಿಗಳೆಂದವರು ಒಮ್ಮೆಲೇ ಗೆಳೆಯರಾದರು. 1972ರಲ್ಲಿ ಸಹೀಹುಲ್ ಬುಖಾರಿಯಿಂದ ಆಯ್ದ ಹದೀಸ್‌ಗಳನ್ನು ಪೋರ್ಚುಗೀಸ್ ಭಾಷೆಯಲ್ಲಿ ಹೊರತರಲಾಯಿತು. ಅದಕ್ಕೆ ಒಪ್ಪಿಗೆ ಸೂಚಿಸಿ ಮುಸ್ಲಿಮ್ ಮುಖಂಡರು ಮೊಜಾಂಬಿಕ್ ದ್ವೀಪದಲ್ಲಿ ಸಹಿ ಹಾಕಿದರು.

ಹದೀಸ್ ಜನರ ಭಾಷೆಗೆ ಬರುವುದು ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಒಳ್ಳೆಯದು. ಆದರೆ ಸರ್ಕಾರಕ್ಕೆ ಬೇಕಾಗಿದ್ದದ್ದು ಹದೀಸ್‌ನ ಜ್ಞಾನವಲ್ಲ, ಹೋರಾಟದಿಂದ ದೂರ ಉಳಿಯುವ ವಿಧೇಯ ಮುಸ್ಲಿಮರು. ಅದೇ ವರ್ಷದ ಕೊನೆಯಲ್ಲಿ ವಿರಿಯಾಮು ನಡೆಯಿತು ಎಂಬುದನ್ನು ಜೊತೆಗಿಟ್ಟು ನೋಡಿದರೆ ಆ ಗೆಳೆತನದ ಬೆಲೆ ತಿಳಿಯುತ್ತದೆ. ಸಹಿ ಹಾಕಿದ ಆ ಹಿರಿಯರನ್ನು ಇಂದು ಇಲ್ಲಿ ಕುಳಿತು ನಿಂದಿಸುವುದು ನಮ್ಮ ಉದ್ದೇಶವಲ್ಲ. ಸೆರೆಮನೆ ಕಂಡ ಜಮಾಅತ್ ಅವರದ್ದಾಗಿತ್ತು, ತಮ್ಮ ಜನರನ್ನು ಉಳಿಸಿಕೊಳ್ಳುವ ಭಾರ ಅವರ ಮೇಲಿತ್ತು. ಆದರೂ ಮಿಂಬರಿನಲ್ಲಿ ನಿಲ್ಲುವ ನಮ್ಮಂಥವರಿಗೆ ಅದರಲ್ಲಿ ಎಚ್ಚರಿಕೆ ಇದೆ. ಅಧಿಕಾರದಲ್ಲಿರುವವನು ಹೊಗಳಿಕೆ ಮತ್ತು ಅನುದಾನ ಹಿಡಿದು ಬಂದಾಗ ಆತ ಇತರರೊಡನೆ ಹೇಗೆ ನಡೆದುಕೊಳ್ಳುತ್ತಿದ್ದಾನೆ ಎಂದು ಮೊದಲು ವಿಚಾರಿಸಬೇಕು. ನಮಗೆ ಒಳ್ಳೆಯವನಾದರೆ ಸಾಕು ಎಂಬುದು ಮೂಮಿನನ ಅಳತೆಗೋಲಲ್ಲ.

ಜೂನ್ 25, 1975

ಕೊನೆಗೆ ಪೋರ್ಚುಗಲ್‌ನ ಸೈನಿಕರೇ ಈ ಯುದ್ಧದಿಂದ ಬೇಸತ್ತರು. 1974ರ ಏಪ್ರಿಲ್ 25ರಂದು ಅವರ ಕಿರಿಯ ಅಧಿಕಾರಿಗಳು ಲಿಸ್ಬನ್ನಿನಲ್ಲಿ ಸರ್ವಾಧಿಕಾರವನ್ನು ಉರುಳಿಸಿದರು. ಜನರು ಬಂದೂಕಿನ ನಳಿಗೆಗೆ ಹೂ ಸಿಕ್ಕಿಸಿ ಸಂಭ್ರಮಿಸಿದರು. ಆಫ್ರಿಕಾದ ರೈತರ ಹೋರಾಟ ಯುರೋಪಿನ ಒಂದು ದೇಶವನ್ನೂ ಸರ್ವಾಧಿಕಾರದಿಂದ ಬಿಡಿಸಿತು ಎಂದರೆ ತಪ್ಪಾಗದು. ಸೆಪ್ಟೆಂಬರ್ 7ರಂದು ಝಾಂಬಿಯಾದ ಲುಸಾಕಾದಲ್ಲಿ ಅಧಿಕಾರ ಹಸ್ತಾಂತರದ ಒಪ್ಪಂದವಾಯಿತು. 1975ರ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯಿತು, ಸಮೋರಾ ಮಶೆಲ್ ಮೊದಲ ರಾಷ್ಟ್ರಪತಿಯಾದರು. ವಾಸ್ಕೋ ಡ ಗಾಮನ ಫಿರಂಗಿ ಸದ್ದಿನಿಂದ ಲೆಕ್ಕ ಹಾಕಿದರೆ 477 ವರ್ಷಗಳಾಗಿದ್ದವು.

ಹೊಸ ಸರ್ಕಾರ ಶಾಲೆ, ಆಸ್ಪತ್ರೆಗಳನ್ನು ಎಲ್ಲರಿಗೂ ತೆರೆಯಿತು. ಸಾಕ್ಷರತೆಯ ಚಳವಳಿ ನಡೆಸಿತು. 1976ರಲ್ಲಿ ನೆರೆಯ ರೊಡೇಶಿಯಾದ ಬಿಳಿಯರ ಆಡಳಿತದ ವಿರುದ್ಧ ತನ್ನ ಗಡಿ ಮುಚ್ಚಿತು. ಬಂದರು ಮತ್ತು ರೈಲಿನ ಆದಾಯ ನಿಂತು ದೇಶಕ್ಕೆ ಭಾರೀ ನಷ್ಟವಾದರೂ ನೆರೆಯವರ ಸ್ವಾತಂತ್ರ್ಯಕ್ಕಾಗಿ ಅದನ್ನು ಸಹಿಸಿತು. ಮುಂದೆ ಆ ದೇಶ ಝಿಂಬಾಬ್ವೆಯಾಯಿತು. ಇದನ್ನು ಮೆಚ್ಚಲೇಬೇಕು.

ಬೇಡಿ ಕಳಚಿದ ಕೈಯಲ್ಲಿ ಬೇಡಿ

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಫ್ರೆಲಿಮೊ ಮಾರ್ಕ್ಸ್‌ವಾದಿ ಪಕ್ಷವೆಂದು ಘೋಷಿಸಿಕೊಂಡಿತು, ಬೇರೆ ಪಕ್ಷಗಳಿಗೆ ಜಾಗವಿರಲಿಲ್ಲ. ಮದ್ರಸಾಗಳು ಮುಚ್ಚಿದವು, ಮಸೀದಿ ಚರ್ಚುಗಳ ಮೇಲೆ ನಿರ್ಬಂಧ ಬಂತು. ಭಿನ್ನಮತೀಯರನ್ನು ಮರುಶಿಕ್ಷಣ ಶಿಬಿರಗಳಿಗೆ ಕಳುಹಿಸಲಾಯಿತು. ಊರಿಂದೂರಿಗೆ ಹೋಗಲು ಮತ್ತೆ ಪರವಾನಗಿ ಪತ್ರ ಬೇಕಾಯಿತು. 1983ರಲ್ಲಿ ನಗರಗಳಲ್ಲಿ ನಿರುದ್ಯೋಗಿಗಳೆಂದು ಕಂಡವರನ್ನು ಹಿಡಿದು, ಸಾವಿರಾರು ಜನರನ್ನು ದೂರದ ನಿಯಾಸಾ ಪ್ರಾಂತ್ಯಕ್ಕೆ ದುಡಿಯಲು ಸಾಗಿಸಲಾಯಿತು. ಅವರಲ್ಲಿ ಎಷ್ಟೋ ಮಂದಿ ಮನೆಗೆ ಮರಳಲೇ ಇಲ್ಲ. ಚಿಬಾಲುವಿನ ವಿರುದ್ಧ ಹೋರಾಡಿದವರ ಕೈಯಿಂದಲೇ ಇದು ನಡೆಯಿತು.

ಇದೇ ಹೊತ್ತಿಗೆ ರೊಡೇಶಿಯಾದ ಗುಪ್ತಚರರು ಹುಟ್ಟುಹಾಕಿದ, ನಂತರ ದಕ್ಷಿಣ ಆಫ್ರಿಕಾ ಪೋಷಿಸಿದ ರೆನಾಮೊ ಎಂಬ ಪಡೆ ದೇಶದೊಳಗೆ ಯುದ್ಧ ಆರಂಭಿಸಿತು. ಅದರ ಕ್ರೌರ್ಯಕ್ಕೆ ಮಿತಿಯಿರಲಿಲ್ಲ. ಮಕ್ಕಳ ಕೈಗೆ ಬಂದೂಕು ಕೊಟ್ಟರು, ಶಾಲೆ ಆಸ್ಪತ್ರೆಗಳನ್ನು ಸುಟ್ಟರು. ಸರ್ಕಾರದಿಂದ ನೊಂದಿದ್ದ ಕೆಲವು ಊರುಗಳು ಅಂಥವರಿಗೂ ಆಶ್ರಯ ಕೊಟ್ಟವು. ಹೊರಗಿನ ಶತ್ರು ಹಚ್ಚಿದ ಬೆಂಕಿಗೆ ಒಳಗಿನ ಅನ್ಯಾಯವೇ ಸೌದೆಯಾಯಿತು. 1986ರ ಅಕ್ಟೋಬರ್ 19ರಂದು ಮಶೆಲ್ ವಿಮಾನ ಅಪಘಾತದಲ್ಲಿ ಸತ್ತರು. ಯುದ್ಧ ಮುಗಿಯುವಷ್ಟರಲ್ಲಿ ಗುಂಡು, ಹಸಿವು, ರೋಗಗಳಿಂದ ಸುಮಾರು ಹತ್ತು ಲಕ್ಷ ಜನ ಪ್ರಾಣ ಕಳೆದುಕೊಂಡಿದ್ದರು.

ಫ್ರೆಲಿಮೊ ಕ್ರಮೇಣ ಪಾಠ ಕಲಿಯಿತು ಎಂಬುದನ್ನೂ ಹೇಳಬೇಕು. 1982ರ ಕೊನೆಯಲ್ಲಿ ಮಶೆಲ್ ಅವರೇ ಧಾರ್ಮಿಕ ಮುಖಂಡರನ್ನು ಕರೆದು ಮಾತನಾಡಿದರು. ನಂತರ ಬಂದ ರಾಷ್ಟ್ರಪತಿ ಜೋಕಿಂ ಶಿಸ್ಸಾನೊ ಕಾಲದಲ್ಲಿ, 1990ರಲ್ಲಿ, ಬಹುಪಕ್ಷ ವ್ಯವಸ್ಥೆಯ ಹೊಸ ಸಂವಿಧಾನ ಬಂತು. 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಎರಡೂ ಕಡೆಯವರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಸಂತ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯ ಮತ್ತು ಬೈರಾ ನಗರದ ಆರ್ಚ್‌ಬಿಷಪ್ ಎರಡು ವರ್ಷಗಳ ಕಾಲ ತಾಳ್ಮೆಯಿಂದ ಮಧ್ಯಸ್ಥಿಕೆ ವಹಿಸಿದ್ದರು. 1994ರಲ್ಲಿ ಚುನಾವಣೆ ನಡೆಯಿತು. ನೆರೆಯ ದೇಶಗಳಿಗೆ ಓಡಿಹೋಗಿದ್ದ ಲಕ್ಷಾಂತರ ನಿರಾಶ್ರಿತರು ತಮ್ಮ ಹಳ್ಳಿಗಳಿಗೆ ಮರಳಿದರು. ಮಗನನ್ನು ಕೊಂದವನೂ ಮಗನನ್ನು ಕಳೆದುಕೊಂಡವಳೂ ಒಂದೇ ಬಾವಿಯ ನೀರು ಸೇದಬೇಕಾಯಿತು. ಸುಲ್ಹ್ ಎಂಬ ಪದ ನಾಲಿಗೆಗೆ ಹಗುರ, ಬದುಕಿಗೆ ಎಷ್ಟು ಭಾರ ಎಂಬುದನ್ನು ಆ ತಾಯಂದಿರು ಬಲ್ಲರು.

2017ರಿಂದ ಉತ್ತರದ ಕಾಬೊ ಡೆಲ್ಗಾಡೊದಲ್ಲಿ ಮತ್ತೆ ರಕ್ತ ಹರಿಯುತ್ತಿದೆ. ಈ ಬಾರಿ ಬಂದೂಕು ಹಿಡಿದವರು ಇಸ್ಲಾಮಿನ ಹೆಸರು ಹೇಳುತ್ತಾರೆ. ಅವರಿಂದ ಸತ್ತವರಲ್ಲಿ ಮುಸ್ಲಿಮರೂ ಬಹಳ. ಅಲ್ಲಿನ ಹಳ್ಳಿಗಳ ಹಿರಿಯ ಉಲಮಾಗಳು ಆರಂಭದಲ್ಲಿಯೇ ಇವರನ್ನು ವಿರೋಧಿಸಿದ್ದರು, ಅಧಿಕಾರಿಗಳಿಗೂ ಎಚ್ಚರಿಸಿದ್ದರು. ಬಡತನ, ನಿರ್ಲಕ್ಷ್ಯ, ನೆಲದಡಿಯ ಅನಿಲ ಮತ್ತು ಮಾಣಿಕ್ಯದ ಸಂಪತ್ತು ಊರಿನವರಿಗೆ ದಕ್ಕದಿರುವುದು ಇವೆಲ್ಲ ಅಲ್ಲಿನ ಯುವಕರ ನೋವು. ಆದರೆ ನೋವು ಎಷ್ಟೇ ನಿಜವಾದರೂ ನಿರಪರಾಧಿಯ ಕೊರಳು ಕೊಯ್ಯಲು ಅದು ಅನುಮತಿ ಪತ್ರವಲ್ಲ.

ನಮ್ಮ ಅಂಗಳದಲ್ಲಿರುವ ಪ್ರಶ್ನೆ

ಈ ಚರಿತ್ರೆಯನ್ನು ಓದಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ದಬ್ಬಾಳಿಕೆ ಆರಂಭವಾಗುವುದು ಬಂದೂಕಿನಿಂದಲ್ಲ, ವಿಂಗಡಣೆಯಿಂದ. ಇವನು ಪೂರ್ತಿ ಮನುಷ್ಯ, ಅವನು ಅರ್ಧ ಮನುಷ್ಯ ಎಂಬ ವಿಂಗಡಣೆ. ಪೋರ್ಚುಗೀಸರು ಅದನ್ನು ಕಾನೂನಿನ ಪುಸ್ತಕದಲ್ಲಿ ಬರೆದರು. ಗುಲಾಮರನ್ನು ಮಾರಿದ ಸುಲ್ತಾನರು ಬರೆಯದೆಯೇ ಪಾಲಿಸಿದರು. ವಿಮೋಚನೆ ತಂದವರು ಕ್ರಾಂತಿಯ ಗೆಳೆಯರು, ಕ್ರಾಂತಿಯ ಶತ್ರುಗಳು ಎಂದು ಹೊಸ ಹೆಸರಿಟ್ಟು ಮುಂದುವರಿಸಿದರು. ಆಳುವವನು ಬದಲಾದ ಮಾತ್ರಕ್ಕೆ ವಿಂಗಡಣೆ ಹೋಗುವುದಿಲ್ಲ. ಅದನ್ನು ಮನಸ್ಸಿನಿಂದ ಕಿತ್ತು ಹಾಕಬೇಕು. ಬಿಳಿಯನಿಗೆ ಕರಿಯನ ಮೇಲಾಗಲಿ, ಅರಬನಿಗೆ ಅರಬನಲ್ಲದವನ ಮೇಲಾಗಲಿ ಹಿರಿಮೆಯಿಲ್ಲ ಎಂಬ ಪಾಠ ನಮಗೆ ಹಜ್ಜತುಲ್ ವಿದಾಅ್‌ನ ದಿನದಿಂದ ಇದೆ. ಅದನ್ನು ನಾವು ಖುತ್ಬಾಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ.

ಹಾಗಾದರೆ ನಮ್ಮನ್ನೇ ನಾವು ಕೇಳಿಕೊಳ್ಳೋಣ. ಹಳಿಯಾಳ, ಯಲ್ಲಾಪುರದ ಮುಸ್ಲಿಮ್ ಸಿದ್ದಿಗಳು ನಮ್ಮ ಸ್ವಫ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಾರೆ. ಸಲಾಮ್ ಹೇಳಿ ಮಸೀದಿಯ ಮೆಟ್ಟಿಲಿಳಿದ ಮೇಲೆ ಏನಾಗುತ್ತದೆ? ಅವರ ಮನೆಯ ಹೆಣ್ಣುಮಗಳಿಗೆ ನಮ್ಮ ಮನೆಯ ಹುಡುಗನ ನಿಕಾಹ್‌ನ ಮಾತು ಬಂದರೆ ನಾವು ದೀನನ್ನು ನೋಡುತ್ತೇವೆಯೋ ಬಣ್ಣವನ್ನೋ? ನಮ್ಮ ಮೊಹಲ್ಲಾಗಳಲ್ಲಿ ದಪ್ಪ ತುಟಿ, ಗುಂಗುರು ಕೂದಲಿನ ಮಗುವಿಗೆ ಶಾಲೆಯ ಮಕ್ಕಳು ಅಡ್ಡಹೆಸರಿಟ್ಟಾಗ ಹಿರಿಯರು ತಿದ್ದುತ್ತೇವೆಯೋ, ನಗುತ್ತೇವೆಯೋ? ಸರ್ಕಾರ 2003ರಲ್ಲಿ ಕರ್ನಾಟಕದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಒಂದು ಹೆಜ್ಜೆ ಇಟ್ಟಿತು. ಜಮಾಅತ್‌ಗಳು ಇಡಬೇಕಾದ ಹೆಜ್ಜೆ ಇನ್ನೂ ಉಳಿದಿದೆ. ಅವರ ಮಕ್ಕಳ ಓದಿಗೆ ವಿದ್ಯಾರ್ಥಿವೇತನ, ನಮ್ಮ ಆಡಳಿತ ಸಮಿತಿಗಳಲ್ಲಿ ಅವರಿಗೆ ಕುರ್ಚಿ, ನಮ್ಮ ಮನೆಯ ಊಟದಲ್ಲಿ ಅವರಿಗೆ ಸಮಾನ ಎಲೆ. ಇವು ದೊಡ್ಡ ಕೆಲಸಗಳಲ್ಲ, ಆದರೆ ಇವುಗಳಿಂದಲೇ ನಮ್ಮ ಮಾತು ಅಳೆಯಲ್ಪಡುತ್ತದೆ.

ಸ್ವಾತಂತ್ರ್ಯ ದೊಡ್ಡ ಅನುಗ್ರಹ. ಅದಕ್ಕೆ ಶುಕ್ರ್ ಸಲ್ಲಿಸುವ ರೀತಿ ಎಂದರೆ ನಮ್ಮ ಕೈಕೆಳಗಿರುವ ಯಾರನ್ನೂ ಇಂಡಿಜೆನಾ ಮಾಡದಿರುವುದು. ಮನೆಯಲ್ಲಿ ಕೆಲಸದವಳನ್ನು, ಅಂಗಡಿಯಲ್ಲಿ ಹುಡುಗನನ್ನು, ಗದ್ದೆಯಲ್ಲಿ ಕೂಲಿಯಾಳನ್ನು, ಊರಿನಲ್ಲಿ ಸಂಖ್ಯೆಯಲ್ಲಿ ಕಡಿಮೆಯಿರುವವರನ್ನು.

ಮೊಜಾಂಬಿಕ್‌ನ ಜನರಿಗೆ, ವಿಶೇಷವಾಗಿ ಕಾಬೊ ಡೆಲ್ಗಾಡೊದಲ್ಲಿ ಮನೆ ಕಳೆದುಕೊಂಡು ಡೇರೆಗಳಲ್ಲಿರುವ ಎಲ್ಲ ಧರ್ಮದ ಕುಟುಂಬಗಳಿಗೆ ಅಲ್ಲಾಹನು ಶಾಂತಿಯನ್ನು ಕರುಣಿಸಲಿ. ನ್ಯಾಯದ ವಿಷಯದಲ್ಲಿ ನಮ್ಮವರು, ಪರರು ಎಂಬ ಭೇದ ಮಾಡದ ಹೃದಯವನ್ನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.